ಎನ್‌ಎಚ್‌ಎಲ್ ಮತ್ತೆ ಬಂದ್: ಸ್ಯಾಲರಿ ಕ್ಯಾಪ್ ಇದ್ದೂ ಈ ಜಗಳ ಯಾಕೆ?

ಬ್ರಾಂಪ್ಟನ್_ಅಪ್ಪ | 27 ಅಕ್ಟೋಬರ್ 2012

ಎಲ್ಲರಿಗೂ ನಮಸ್ಕಾರ. ನಿನ್ನೆಯ ಸುದ್ದಿ ನೋಡಿರುತ್ತೀರಿ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ನವೆಂಬರ್ 30ರವರೆಗಿನ ಎಲ್ಲ ಪಂದ್ಯಗಳೂ ರದ್ದು. ಇಲ್ಲಿಯವರೆಗೆ 326 ಪಂದ್ಯ ಹೋಯಿತು.

ನಾನು 2003ರಲ್ಲಿ ದಾವಣಗೆರೆಯಿಂದ ಇಲ್ಲಿಗೆ, ಕೆನಡಾಗೆ ಬಂದವನು. ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಮಾತೆಲ್ಲ ಹಾಕಿಯದೇ. ಮೊದಲ ಚಳಿಗಾಲದಲ್ಲಿ ಟಿವಿ ಮುಂದೆ ಕೂತರೆ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಿಧಾನವಾಗಿ ಕಲಿತೆ. ಇನ್ನೇನು ಆಟ ರುಚಿ ಹತ್ತಿತು ಅನ್ನುವಷ್ಟರಲ್ಲಿ 2004-05ರ ಸೀಸನ್ ಪೂರ್ತಿ ಹೋಯಿತು. ಆಗ ಹೇಳಿದ್ದೇನು? ಸ್ಯಾಲರಿ ಕ್ಯಾಪ್ ಬಂದರೆ ಎಲ್ಲ ಸರಿಹೋಗುತ್ತದೆ, ಸಣ್ಣ ಊರಿನ ತಂಡಗಳು ಉಳಿಯುತ್ತವೆ ಅಂತ. ಕ್ಯಾಪ್ ಬಂತು. ಏಳು ವರ್ಷ ಆಯಿತು. ಈಗ ಮತ್ತೆ ಅದೇ ಮುಷ್ಕರ, ಅದೇ ಪತ್ರಿಕಾಗೋಷ್ಠಿ, ಲೀಗಿನ ಮುಖ್ಯಸ್ಥ ಅದೇ ಗ್ಯಾರಿ ಬೆಟ್ಮನ್.

ಮಗನಿಗೆ ಒಂಬತ್ತು ವರ್ಷ. ಶನಿವಾರ ಆರಕ್ಕೆ ರಿಂಕ್‌ನಲ್ಲಿರಬೇಕು ಅಂದರೆ ಐದಕ್ಕೇ ಎದ್ದು ಬಾಗಿಲ ಹತ್ತಿರ ನಿಂತಿರುತ್ತಾನೆ. ಟೊರಾಂಟೊದ ತಂಡ ಲೀಫ್ಸ್‌ನ ಪಂದ್ಯಕ್ಕೆ ಇದುವರೆಗೆ ಕರೆದುಕೊಂಡು ಹೋಗಿಲ್ಲ. ಟಿಕೆಟ್ ಬೆಲೆ ನಿಮಗೆ ಗೊತ್ತಲ್ಲ. ಈ ಸಲ ಆಫೀಸಿನ ಒಬ್ಬರು ತಮ್ಮ ಸೀಸನ್ ಟಿಕೆಟ್‌ನಲ್ಲಿ ಎರಡು ಸೀಟು ನನಗೆ ಕೊಡುವುದಾಗಿ ಹೇಳಿದ್ದರು. ನವೆಂಬರ್ ತಿಂಗಳ ಪಂದ್ಯ. ಕ್ಯಾಲೆಂಡರ್‌ನಲ್ಲಿ ಅವನೇ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದ. ನಿನ್ನೆ ರಾತ್ರಿ "ಯಾರು ಬೇಡ ಅಂದರು ಅಪ್ಪಾ?" ಅಂತ ಕೇಳಿದ. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ತಪ್ಪು ಯಾರದು? ಇದು ಮುಗಿದ ಮೇಲೆ ನೀವೆಲ್ಲ ಮತ್ತೆ ದುಡ್ಡು ಕೊಟ್ಟು ನೋಡುತ್ತೀರಾ? ನನಗಂತೂ ಒಂದು ಡಾಲರ್ ಕೂಡ ಕೊಡಬಾರದು ಅನ್ನಿಸುತ್ತಿದೆ.

ಪೀಣ್ಯ_ಎರಡನೇ_ಹಂತ | 27 ಅಕ್ಟೋಬರ್

ಒಂದು ತಿದ್ದುಪಡಿ ಸಾರ್. ಇದು ಮುಷ್ಕರ ಅಲ್ಲ, ಲಾಕ್‌ಔಟ್. ಆಟಗಾರರು ಆಡುವುದಿಲ್ಲ ಅಂದಿಲ್ಲ. ಹಳೆಯ ಒಪ್ಪಂದದಲ್ಲೇ ಆಡುತ್ತಾ ಮಾತಾಡೋಣ ಅಂದರು. ಸೆಪ್ಟೆಂಬರ್ 15ರ ರಾತ್ರಿ ಒಪ್ಪಂದ ಮುಗಿಯಿತು, ಮಾಲೀಕರು ಬಾಗಿಲು ಹಾಕಿದರು. ಮಗ "ಯಾರು ಬೇಡ ಅಂದರು" ಅಂತ ಕೇಳಿದ್ದಕ್ಕೆ ಇದೇ ಉತ್ತರ. ಈ ಎರಡು ಪದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಸುಮ್ನೆ_ಓದುವವ | 27 ಅಕ್ಟೋಬರ್

ಹಾಕಿಯಲ್ಲೂ ಯೂನಿಯನ್ ಇದೆಯಾ? ನಮ್ಮ ಐಪಿಎಲ್‌ನಲ್ಲಿ ಇಂಥದ್ದು ಕೇಳಿಲ್ಲ. ಸ್ಯಾಲರಿ ಕ್ಯಾಪ್ ಅಂದರೆ ಏನು, ಯಾರಾದರೂ ಬಿಡಿಸಿ ಹೇಳುತ್ತೀರಾ?

ಲೆಕ್ಕಿಗ_ಮೈಸೂರು | 27 ಅಕ್ಟೋಬರ್

ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಐಪಿಎಲ್‌ನ 2011ರ ಹರಾಜಿನಲ್ಲಿ ಒಂದು ತಂಡ 90 ಲಕ್ಷ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವಂತಿರಲಿಲ್ಲ, ನೆನಪಿದೆಯಾ? ಅದೂ ಒಂದು ಥರ ಕ್ಯಾಪ್. ಆದರೆ ಆ ಮೊತ್ತವನ್ನು ಮೇಲಿನವರು ತೀರ್ಮಾನ ಮಾಡಿ ಹೇಳುತ್ತಾರೆ, ಆಟಗಾರರನ್ನು ಯಾರೂ ಕೇಳುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಹಾಗಲ್ಲ. ಆಟಗಾರರ ಸಂಘ ಮತ್ತು ಲೀಗ್ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಲೀಗಿನ ಒಟ್ಟು ಆದಾಯದಲ್ಲಿ ಆಟಗಾರರಿಗೆ ಇಷ್ಟು ಪಾಲು ಅಂತ ಮೊದಲು ತೀರ್ಮಾನ ಆಗುತ್ತದೆ. ಆ ಪಾಲಿನಿಂದ ಪ್ರತಿ ತಂಡದ ಮಿತಿ ಹುಟ್ಟುತ್ತದೆ. ಆದಾಯ ಏರಿದರೆ ಮಿತಿಯೂ ಏರುತ್ತದೆ. 2005-06ರಲ್ಲಿ ಮಿತಿ 3 ಕೋಟಿ 90 ಲಕ್ಷ ಡಾಲರ್ ಇತ್ತು. ಕಳೆದ ಸೀಸನ್‌ನಲ್ಲಿ 6 ಕೋಟಿ 43 ಲಕ್ಷ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಲೆ ಮಿತಿ ಇದ್ದ ಹಾಗೆ ಕೆಳಗೂ ಒಂದು ಗೆರೆ ಇದೆ. ಅದಕ್ಕಿಂತ ಕಡಿಮೆ ಸಂಬಳ ಕೊಡುವ ಹಾಗಿಲ್ಲ. ಕಳೆದ ಸೀಸನ್‌ನಲ್ಲಿ ಆ ಗೆರೆ 4 ಕೋಟಿ 83 ಲಕ್ಷ. ಗಮನಿಸಿ, 2005ರಲ್ಲಿ ಎಷ್ಟೇ ಶ್ರೀಮಂತ ತಂಡವಾದರೂ ಕೊಡಬಹುದಾಗಿದ್ದ ಗರಿಷ್ಠ ಮೊತ್ತಕ್ಕಿಂತ ಈಗ ಅತಿ ಬಡ ತಂಡ ಕೊಡಲೇಬೇಕಾದ ಕನಿಷ್ಠ ಮೊತ್ತ ಜಾಸ್ತಿ. ಟೊರಾಂಟೊ, ಮಾಂಟ್ರಿಯಲ್, ನ್ಯೂಯಾರ್ಕ್ ದುಡ್ಡು ಮಾಡಿದಷ್ಟೂ ಲೀಗಿನ ಆದಾಯ ಏರುತ್ತದೆ, ಜೊತೆಗೆ ಆ ಕೆಳಗಿನ ಗೆರೆಯೂ ಏರುತ್ತದೆ. ಅರಿಜೋನಾದ ತಂಡ ಗೇಟಿನಲ್ಲಿ ಅಷ್ಟು ದುಡ್ಡು ನೋಡುವುದೇ ಇಲ್ಲ. ಆದರೂ ಕೊಡಬೇಕು. ನಷ್ಟ ಅಲ್ಲಿಂದ ಶುರು.

ಇದಕ್ಕೆ ಎರಡು ದಾರಿ ಇದೆ. ಶ್ರೀಮಂತ ತಂಡಗಳು ಬಡ ತಂಡಗಳಿಗೆ ಜಾಸ್ತಿ ಹಂಚಬೇಕು. ಇಲ್ಲವೇ ಆಟಗಾರರ ಪಾಲು ಕತ್ತರಿಸಬೇಕು. ಮಾಲೀಕರು ಹಿಡಿದಿದ್ದು ಎರಡನೆಯದನ್ನು. ಈಗ ಆಟಗಾರರ ಪಾಲು ಶೇ. 57. ಜುಲೈನಲ್ಲಿ ಮಾಲೀಕರು ಮುಂದಿಟ್ಟಿದ್ದು ಶೇ. 43. ಲೀಗಿನ ಆದಾಯ ಸುಮಾರು 330 ಕೋಟಿ ಡಾಲರ್. ಅಂದರೆ ಒಂದೊಂದು ಶೇಕಡಾಕ್ಕೂ 3 ಕೋಟಿ 30 ಲಕ್ಷ. ಈ ತಿಂಗಳು 50-50ಕ್ಕೆ ಬಂದಿದ್ದಾರೆ. ಅಷ್ಟಾದರೂ ವರ್ಷಕ್ಕೆ 23 ಕೋಟಿ ಡಾಲರ್ ಆಟಗಾರರ ಕೈಯಿಂದ ಮಾಲೀಕರ ಕೈಗೆ ಹೋಗುತ್ತದೆ.

ಸುಮ್ನೆ_ಓದುವವ | 27 ಅಕ್ಟೋಬರ್

ಈಗ ಅರ್ಥ ಆಯಿತು. ಕೆಳಗಿನ ಗೆರೆಯ ವಿಷಯ ನಿಜವಾಗಲೂ ಗೊತ್ತಿರಲಿಲ್ಲ.

ವಿನಿಪೆಗ್_ಚಳಿ | 28 ಅಕ್ಟೋಬರ್

ಎಲ್ಲರೂ ಮಾಲೀಕರನ್ನೇ ಬೈಯುತ್ತೀರಿ. ನನ್ನ ಊರಿನ ಕಥೆ ಕೇಳಿ. 1996ರಲ್ಲಿ ಜೆಟ್ಸ್ ತಂಡ ವಿನಿಪೆಗ್ ಬಿಟ್ಟು ಫೀನಿಕ್ಸ್‌ಗೆ ಹೋಯಿತು. ಆಗ ಕ್ಯಾಪ್ ಇರಲಿಲ್ಲ. ಕೆನಡಾ ಡಾಲರ್ ಕುಸಿದಿತ್ತು, ಸಂಬಳ ಅಮೆರಿಕನ್ ಡಾಲರ್‌ನಲ್ಲಿ ಕೊಡಬೇಕಿತ್ತು. ಸಣ್ಣ ಊರು, ತಡೆಯಲು ಆಗಲಿಲ್ಲ. ನನ್ನ ಹೆಂಡತಿ ಇಲ್ಲೇ ಹುಟ್ಟಿದವಳು. ಕೊನೆಯ ಪಂದ್ಯದ ದಿನ ಅವಳ ತಂದೆ ಅತ್ತದ್ದನ್ನು ಈಗಲೂ ಹೇಳುತ್ತಾಳೆ. ಹದಿನೈದು ವರ್ಷ ಈ ಊರಿಗೆ ತಂಡ ಇರಲಿಲ್ಲ. ಕಳೆದ ವರ್ಷ ಅಟ್ಲಾಂಟಾ ತಂಡ ಇಲ್ಲಿಗೆ ಬಂತು. ಜನರಿಗೆ ಬಿಟ್ಟ ಸೀಸನ್ ಟಿಕೆಟ್ ಕೆಲವೇ ನಿಮಿಷಗಳಲ್ಲಿ ಖಾಲಿ. ಹದಿನೈದು ಸಾವಿರ ಸೀಟಿನ ಕ್ರೀಡಾಂಗಣ ಇಟ್ಟುಕೊಂಡು ನಾವು ನ್ಯೂಯಾರ್ಕ್ ಜೊತೆ ಆಡುತ್ತಿದ್ದೇವೆ ಅಂದರೆ ಅದಕ್ಕೆ ಕ್ಯಾಪ್ ಕಾರಣ. ಕ್ಯಾಪ್ ಬೇಡ ಅನ್ನುವವರಿಗೆ ತಂಡ ಕಳೆದುಕೊಂಡ ಊರಿನ ನೋವು ಗೊತ್ತಿಲ್ಲ.

ನೀಲಿ_ಎಲೆ | 28 ಅಕ್ಟೋಬರ್

ಕ್ಯಾಪ್ ಬೇಡ ಅಂತ ಇಲ್ಲಿ ಯಾರು ಹೇಳಿದರು ಸಾರ್? ಆಟಗಾರರೂ ಹೇಳುತ್ತಿಲ್ಲ. 2005ರ ಜಗಳ ಕ್ಯಾಪ್ ಬೇಕೋ ಬೇಡವೋ ಅನ್ನುವುದು. ಈಗಿನ ಜಗಳ ಪಾಲಿನದು. ಎರಡನ್ನೂ ಬೆರೆಸಬೇಡಿ. 2005ರಲ್ಲಿ ಆಟಗಾರರು ಕ್ಯಾಪ್ ಒಪ್ಪಿದರು, ಮೇಲಿಂದ ಇದ್ದ ಕಾಂಟ್ರಾಕ್ಟ್‌ಗಳಲ್ಲೇ ಶೇ. 24 ಕಡಿತ ನುಂಗಿದರು. ಇನ್ನೆಷ್ಟು ಸಲ ಕೊಡಬೇಕು?

ಲೆಕ್ಕಿಗ_ಮೈಸೂರು | 28 ಅಕ್ಟೋಬರ್

ನೀಲಿ ಎಲೆಯವರು ಹೇಳಿದ್ದು ಸರಿ. ಇನ್ನೊಂದು ವಿಷಯ. 2005ರ ಫೆಬ್ರವರಿಯಲ್ಲಿ ಸೀಸನ್ ರದ್ದಾಗುವ ಮುಂಚೆ ಲೀಗ್ 4 ಕೋಟಿ 25 ಲಕ್ಷದ ಕ್ಯಾಪ್ ಕೊಟ್ಟಿತ್ತು, ಸಂಘ 4 ಕೋಟಿ 90 ಲಕ್ಷ ಕೇಳಿತ್ತು. ನಡುವೆ ಇದ್ದಿದ್ದು 65 ಲಕ್ಷ. ಅಷ್ಟಕ್ಕೆ 1,230 ಪಂದ್ಯ ಹೋದವು. ಜುಲೈನಲ್ಲಿ ಸಂಘ ಒಪ್ಪಿದ್ದು 3 ಕೋಟಿ 90 ಲಕ್ಷಕ್ಕೆ! ಫೆಬ್ರವರಿಯಲ್ಲಿ ಬೇಡ ಅಂದಿದ್ದಕ್ಕಿಂತ ಕಡಿಮೆಗೆ. ಲೀಗ್ ಗೆದ್ದ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಮೇಲೆ ಆ ವರ್ಷದ ಜಾಗದಲ್ಲಿ "ಸೀಸನ್ ಆಡಲಿಲ್ಲ" ಅಂತಲೇ ಕೆತ್ತಿದ್ದಾರೆ. ಅದಕ್ಕೆ ಮುಂಚೆ ಕಪ್ ಯಾರಿಗೂ ಸಿಗದೇ ಇದ್ದಿದ್ದು 1919ರಲ್ಲಿ, ಫ್ಲೂ ಮಹಾಮಾರಿಯಿಂದ ಫೈನಲ್ ಅರ್ಧಕ್ಕೇ ನಿಂತಾಗ.

ಪೀಣ್ಯ_ಎರಡನೇ_ಹಂತ | 28 ಅಕ್ಟೋಬರ್

ವಿನಿಪೆಗ್ ಸಾರ್, ನಿಮ್ಮ ಊರಿನ ನೋವು ಅರ್ಥ ಆಗುತ್ತದೆ. ಆದರೆ ಒಂದು ಮಾತು. ಈ ಜುಲೈ 4ರಂದು ಮಿನೆಸೋಟಾ ತಂಡ ಜ್ಯಾಕ್ ಪರೀಸೆ, ರಯಾನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, 9 ಕೋಟಿ 80 ಲಕ್ಷ ಡಾಲರ್ ಬರೆದುಕೊಟ್ಟಿತು. ಅದೇ ತಂಡದ ಮಾಲೀಕರು ಈಗ ಮಾತುಕತೆಯಲ್ಲಿ ಮಾಲೀಕರ ಕಡೆ ಕೂತಿದ್ದಾರೆ. ಫಿಲಡೆಲ್ಫಿಯಾ ಅದೇ ತಿಂಗಳು ನ್ಯಾಶ್‌ವಿಲ್‌ನ ಶೇ ವೆಬರ್‌ಗೆ 14 ವರ್ಷಕ್ಕೆ 11 ಕೋಟಿ ಮುಂದಿಟ್ಟಿತು. ಆಟಗಾರ ಕೈಬಿಟ್ಟು ಹೋಗಬಾರದು ಅಂತ ನ್ಯಾಶ್‌ವಿಲ್ ಅಷ್ಟನ್ನೂ ತಾನೇ ಒಪ್ಪಿಕೊಳ್ಳಬೇಕಾಯಿತು. ಸಣ್ಣ ಊರಿನ ತಂಡಕ್ಕೆ ಈ ಹೊರೆ ಹೊರಿಸಿದ್ದು ಇನ್ನೊಬ್ಬ ಮಾಲೀಕನೇ ಅಲ್ವಾ? ಜುಲೈನಲ್ಲಿ ಸಹಿ ಹಾಕಿ, ಸೆಪ್ಟೆಂಬರ್‌ನಲ್ಲಿ ಅಷ್ಟು ಕೊಡಲು ಆಗುವುದಿಲ್ಲ ಅನ್ನುವುದು ಯಾವ ನ್ಯಾಯ? ಸಹಿ ಹಾಕಿದ ಕೈಗೆ ಬೆಲೆ ಬೇಡವಾ?

ಸುಮ್ನೆ_ಓದುವವ | 28 ಅಕ್ಟೋಬರ್

13 ವರ್ಷ! ಆಟಗಾರನಿಗೆ ಆಗ ಎಷ್ಟು ವಯಸ್ಸಾಗಿರುತ್ತದೆ?

ಲೆಕ್ಕಿಗ_ಮೈಸೂರು | 28 ಅಕ್ಟೋಬರ್

ಸುಮಾರು ನಲವತ್ತು. ಕ್ಯಾಪ್ ಮುರಿಯದೆ ಕ್ಯಾಪ್ ದಾಟುವ ದಾರಿ ಇದು. ಕ್ಯಾಪ್‌ನಲ್ಲಿ ಲೆಕ್ಕಕ್ಕೆ ಬರುವುದು ಕಾಂಟ್ರಾಕ್ಟಿನ ಸರಾಸರಿ. ಪರೀಸೆಗೆ ಮೊದಲೆರಡು ವರ್ಷ 1 ಕೋಟಿ 20 ಲಕ್ಷದಂತೆ, ಕೊನೆಯ ಎರಡು ವರ್ಷ 10 ಲಕ್ಷದಂತೆ ಅಷ್ಟೇ. ಕೊನೆಯಲ್ಲಿ ಕಡಿಮೆ ಸಂಬಳದ ವರ್ಷಗಳನ್ನು ಸೇರಿಸಿದರೆ ಸರಾಸರಿ ಇಳಿಯುತ್ತದೆ, ಕ್ಯಾಪ್ ಲೆಕ್ಕದಲ್ಲಿ ವರ್ಷಕ್ಕೆ 75 ಲಕ್ಷದ ಆಸುಪಾಸು ಬರುತ್ತದೆ. ಆ ಕೊನೆಯ ವರ್ಷಗಳನ್ನು ಆಡುತ್ತಾನೋ ಇಲ್ಲವೋ ಯಾರಿಗೆ ಗೊತ್ತು. ನ್ಯೂಜೆರ್ಸಿ ತಂಡ 2010ರಲ್ಲಿ ಕೊವಾಲ್ಚುಕ್‌ಗೆ 17 ವರ್ಷದ ಕಾಂಟ್ರಾಕ್ಟ್ ಬರೆದಾಗ ಲೀಗ್ ಅದನ್ನು ತಳ್ಳಿಹಾಕಿತು. ಆಮೇಲೆ 15 ವರ್ಷ, 10 ಕೋಟಿಗೆ ಬರೆದರು. ಅದು ಪಾಸಾಯಿತು.

ಅದಕ್ಕೇ ಈಗ ಲೀಗ್ ಐದು ವರ್ಷಕ್ಕಿಂತ ಉದ್ದದ ಕಾಂಟ್ರಾಕ್ಟ್ ಇರಬಾರದು ಅಂತ ಹಟ ಹಿಡಿದಿದೆ. ಈ ವಿಷಯದಲ್ಲಿ ನನಗೆ ಲೀಗಿನ ಮಾತು ಅರ್ಧ ಸರಿ ಅನ್ನಿಸುತ್ತದೆ. ಆದರೆ ಈ ಕಾಂಟ್ರಾಕ್ಟ್‌ಗಳನ್ನು ಕಂಡುಹಿಡಿದಿದ್ದು ಆಟಗಾರರಲ್ಲ, ತಂಡದ ಮ್ಯಾನೇಜರ್‌ಗಳು.

ವಿನಿಪೆಗ್_ಚಳಿ | 28 ಅಕ್ಟೋಬರ್

ಆ ಕಾಂಟ್ರಾಕ್ಟ್‌ಗಳ ವಿಷಯದಲ್ಲಿ ಒಪ್ಪುತ್ತೇನೆ. ನ್ಯಾಶ್‌ವಿಲ್‌ಗೆ ಆಗಿದ್ದು ನಾಳೆ ನಮಗೂ ಆಗಬಹುದು. ಆದರೆ ಕಳೆದ ವರ್ಷ ಆಟಗಾರನ ಸರಾಸರಿ ಸಂಬಳ 24 ಲಕ್ಷ ಡಾಲರ್. ಈ ಜನಕ್ಕೆ ಅನ್ಯಾಯ ಆಗಿದೆ ಅಂತ ನಾನು ಕಣ್ಣೀರು ಹಾಕಲಾರೆ.

ಪೀಣ್ಯ_ಎರಡನೇ_ಹಂತ | 29 ಅಕ್ಟೋಬರ್

ಇಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಲಾಕ್‌ಔಟ್ ಆಯಿತು. ಬೆಳಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಹೋದವರು ಹತ್ತು ಗಂಟೆಗೆ ವಾಪಸ್ ಬಂದರು. ಗೇಟಿಗೆ ಬೀಗ, ಅದರ ಮೇಲೆ ಒಂದು ನೋಟಿಸ್. ನಾಲ್ಕು ತಿಂಗಳು. ಅಮ್ಮ ಬಳೆ ಅಡ ಇಟ್ಟರು. ಬೀದಿ ಕೊನೆಯ ಅಂಗಡಿಯ ಶೆಟ್ಟರು ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟರು. ಅಪ್ಪ ದಿನಾ ಗೇಟಿನ ಹತ್ತಿರ ಹೋಗಿ ಸಂಜೆಯವರೆಗೆ ಕೂತು ಬರುತ್ತಿದ್ದರು. ಕೊನೆಗೆ ಕಡಿಮೆ ಸಂಬಳಕ್ಕೆ ಒಪ್ಪಿ ಒಳಗೆ ಹೋದರು.

ಹಾಕಿ ಆಟಗಾರ ನಮ್ಮಪ್ಪನ ಹಾಗೆ ಬಡವ ಅಂತ ನಾನು ಹೇಳುತ್ತಿಲ್ಲ. ಆದರೆ ದುಡಿಯಲು ತಯಾರಾಗಿ ನಿಂತವನ ಮುಂದೆ ಬೀಗ ಹಾಕಿ, ಸಂಬಳ ನಿಲ್ಲಿಸಿ, ಒಪ್ಪುವವರೆಗೆ ಕಾಯುವುದು ಇದೆಯಲ್ಲ, ಆ ಲೆಕ್ಕಾಚಾರ ಎಲ್ಲ ಕಡೆ ಒಂದೇ. ಮಾಲೀಕನಿಗೆ ಬೇರೆ ವ್ಯಾಪಾರ ಇದೆ. ಆಟಗಾರನಿಗೆ ಇರುವುದು ಅವನ ಕಾಲು, ಅದೂ ಕೆಲವೇ ವರ್ಷ.

ಎಡ್ಮಂಟನ್_ಅಕ್ಕ | 29 ಅಕ್ಟೋಬರ್

ಪೀಣ್ಯ ತಮ್ಮಾ, ಓದಿ ಕಣ್ಣು ತುಂಬಿತು. ನಿಮ್ಮಮ್ಮನ ಬಳೆ ಆಮೇಲೆ ಬಿಡಿಸಿಕೊಂಡರಾ?

ನೀವೆಲ್ಲ ಮಾಲೀಕರು, ಆಟಗಾರರು ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಪಕ್ಕದ ಮನೆಯವರ ವಿಷಯ ಹೇಳುತ್ತೇನೆ. ಅರವತ್ತರ ಹತ್ತಿರದ ಹೆಂಗಸು, ಫಿಲಿಪೈನ್ಸ್‌ನವರು. ಹಗಲು ಒಂದು ಕೆಲಸ. ನಮ್ಮೂರ ತಂಡ ಆಯಿಲರ್ಸ್ ಪಂದ್ಯ ಇದ್ದ ರಾತ್ರಿ ಕ್ರೀಡಾಂಗಣದಲ್ಲಿ ಪಾಪ್‌ಕಾರ್ನ್ ಮಾರುವ ಕೆಲಸ. ಸೀಸನ್‌ಗೆ 41 ಪಂದ್ಯ ಇಲ್ಲೇ ನಡೆಯುತ್ತದೆ. ಅವರಿಗೆ ಅದು 41 ರಾತ್ರಿಯ ಸಂಬಳ, ಮನಿಲಾದಲ್ಲಿರುವ ಮೊಮ್ಮಗಳ ಫೀಸು. ಅವರಿಗೆ ಸಂಘ ಇಲ್ಲ, ಪಾಲು ಇಲ್ಲ, 50-50 ಇಲ್ಲ. ಪಾರ್ಕಿಂಗ್ ಹುಡುಗರು, ಟಿಕೆಟ್ ಹರಿಯುವವರು, ಎದುರಿನ ಹೋಟೆಲಿನ ಹುಡುಗಿ, ಪಂದ್ಯದ ರಾತ್ರಿ ಟ್ಯಾಕ್ಸಿ ಓಡಿಸುವ ನಮ್ಮ ಪಂಜಾಬಿ ಅಣ್ಣಂದಿರು, ಯಾರ ಹೆಸರೂ ಪತ್ರಿಕಾಗೋಷ್ಠಿಯಲ್ಲಿ ಬರುವುದಿಲ್ಲ. ಮೊನ್ನೆ ಪುಳಿಯೋಗರೆ ಕೊಡಲು ಹೋಗಿದ್ದೆ. "ಇನ್ನು ಎಷ್ಟು ದಿನ?" ಅಂತ ನನ್ನನ್ನೇ ಕೇಳಿದರು.

ಪೀಣ್ಯ_ಎರಡನೇ_ಹಂತ | 29 ಅಕ್ಟೋಬರ್

ಬಿಡಿಸಿಕೊಂಡರು ಅಕ್ಕಾ. ಎರಡು ವರ್ಷ ಆದ ಮೇಲೆ.

ಡೆಟ್ರಾಯಿಟ್_ರಾಯ | 3 ನವೆಂಬರ್

ನಿನ್ನೆ ವಿಂಟರ್ ಕ್ಲಾಸಿಕ್ ಕೂಡ ಹೋಯಿತು. ಜನವರಿ 1ಕ್ಕೆ ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂನಲ್ಲಿ ನಮ್ಮ ಡೆಟ್ರಾಯಿಟ್‌ನ ರೆಡ್ ವಿಂಗ್ಸ್ ಮತ್ತು ಟೊರಾಂಟೊ ಆಡಬೇಕಿತ್ತು. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರುವ ಬಯಲು ಸ್ಟೇಡಿಯಂ. ಅಲ್ಲಿ ಹಿಮದಲ್ಲಿ ಹಾಕಿ! ನಮ್ಮ ಕನ್ನಡ ಕೂಟದ ಏಳು ಮನೆಯವರು ಸೇರಿ ಹೋಗಲು ಮಾತಾಡಿಕೊಂಡಿದ್ದೆವು. ಥರ್ಮಾಸ್‌ನಲ್ಲಿ ಕಾಫಿ, ಚಕ್ಕುಲಿ, ಎಲ್ಲ ಯಾರು ತರಬೇಕು ಅಂತಲೂ ಹಂಚಿಕೊಂಡಿದ್ದೆವು. ಲೀಗಿಗೆ ಅತಿ ಹೆಚ್ಚು ದುಡ್ಡು ತರುವ ದಿನಗಳಲ್ಲಿ ಅದೂ ಒಂದು. ಅದನ್ನೇ ಬಿಟ್ಟಿದ್ದಾರೆ ಅಂದರೆ ಈ ವರ್ಷ ಆಟ ನಡೆಯುವ ನಂಬಿಕೆ ನನಗಿಲ್ಲ.

ನೀಲಿ_ಎಲೆ | 3 ನವೆಂಬರ್

ಆಟಗಾರರ ಸಂಘದ ಮುಖ್ಯಸ್ಥರಾಗಿ ಈಗ ಡೊನಾಲ್ಡ್ ಫೆಹರ್ ಇದ್ದಾರೆ. 1994ರಲ್ಲಿ ಬೇಸ್‌ಬಾಲ್ ಮುಷ್ಕರ ಆಗಿ ವರ್ಲ್ಡ್ ಸೀರೀಸ್ ನಿಂತಾಗ ಆ ಸಂಘದ ಮುಖ್ಯಸ್ಥರೂ ಅವರೇ. ಆ ಕಡೆ ಬೆಟ್ಮನ್, 1994, 2004, 2012, ಮೂರು ಲಾಕ್‌ಔಟ್. ಇಬ್ಬರೂ ಬೇಗ ಸೋಲುವವರಲ್ಲ.

ಡೆಟ್ರಾಯಿಟ್_ರಾಯ | 4 ನವೆಂಬರ್

ಆಟ ಬೇಕು ಅಂದರೆ ಯುರೋಪ್ ಕಡೆ ನೋಡಿ. ಎನ್‌ಎಚ್‌ಎಲ್‌ನ ದೊಡ್ಡ ಆಟಗಾರರೇ ಅಲ್ಲಿದ್ದಾರೆ. ಒವೆಚ್ಕಿನ್ ಮಾಸ್ಕೋದಲ್ಲಿ, ಮಲ್ಕಿನ್ ಮಗ್ನಿತೊಗೋರ್ಸ್ಕ್‌ನಲ್ಲಿ, ಯಾಗರ್ ತನ್ನ ಊರು ಕ್ಲಾಡ್ನೊದಲ್ಲಿ ಆಡುತ್ತಿದ್ದಾರೆ. ಥಾರ್ನ್‌ಟನ್, ನ್ಯಾಶ್ ಇಬ್ಬರೂ ದಾವೋಸ್‌ನಲ್ಲಿ.

ಎಡ್ಮಂಟನ್_ಅಕ್ಕ | 4 ನವೆಂಬರ್

ಅವರು ಅಲ್ಲಿ ಹೋಗಿ ಆಡಿದರೆ ಅಲ್ಲಿನ ಹುಡುಗರ ಜಾಗ ಹೋಗುವುದಿಲ್ಲವಾ? ಅವರಿಗೂ ಮನೆ ಇದೆ. ಇದು ನನಗೆ ಹಿಡಿಸಲಿಲ್ಲ.

ನೀಲಿ_ಎಲೆ | 4 ನವೆಂಬರ್

ಬ್ರಾಂಪ್ಟನ್ ಅಪ್ಪ, ಮಗನಿಗೆ ಬೇಜಾರಾಗಿದೆ ಅಂದಿರಿ. ಸುಮ್ನೆ ಕಾಯುವುದು ಯಾಕೆ? ನಿಮ್ಮ ಊರಿನಲ್ಲೇ ಬಟಾಲಿಯನ್ ತಂಡ ಇದೆಯಲ್ಲ, ಜೂನಿಯರ್ ಲೀಗ್. ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರು. ಲಾಕ್‌ಔಟ್‌ಗೂ ಅವರಿಗೂ ಸಂಬಂಧ ಇಲ್ಲ. ಟಿಕೆಟ್ ಅಗ್ಗ, ಗಾಜಿನ ಪಕ್ಕದಲ್ಲೇ ಕೂರಬಹುದು. ಟೊರಾಂಟೊಗೆ ಬಂದರೆ ಲೀಫ್ಸ್‌ನ ಕೆಳ ಹಂತದ ತಂಡ ಮಾರ್ಲೀಸ್ ಕೂಡ ಆಡುತ್ತಿದ್ದಾರೆ.

ಬ್ರಾಂಪ್ಟನ್_ಅಪ್ಪ | 12 ನವೆಂಬರ್

ನೀಲಿ ಎಲೆಯವರಿಗೆ ಧನ್ಯವಾದ. ಹೋಗಿ ಬಂದೆವು. ಎಂಟು ವರ್ಷದಿಂದ ಈ ಊರಿನಲ್ಲಿದ್ದೇನೆ, ಆ ಕಟ್ಟಡದ ಮುಂದೆ ದಿನಾ ಕಾರು ಓಡಿಸುತ್ತೇನೆ. ಒಳಗೆ ಹೋಗಿದ್ದು ಇದೇ ಮೊದಲು. ಗಾಜಿಗೆ ಆಟಗಾರ ಬಂದು ಬಡಿದಾಗ ಮಗ ಹಾರಿ ನನ್ನ ಮಡಿಲಿಗೆ ಬಿದ್ದ. ಆಮೇಲೆ ಆಟ ಮುಗಿಯುವವರೆಗೂ ಗಾಜಿಗೆ ಮೂಗು ಒತ್ತಿಕೊಂಡೇ ನಿಂತಿದ್ದ. ಆದರೆ ಸೀಟುಗಳು ಎಷ್ಟೊಂದು ಖಾಲಿ. ಲೀಗಿನ ಜಗಳದ ಸಮಯದಲ್ಲೂ ಖಾಲಿ.

ಬೇಜಾರಿನ ಸಂಗತಿ ಏನೆಂದರೆ, ಕಳೆದ ವಾರ ಸುದ್ದಿ ಬಂತು. ಈ ಸೀಸನ್ ಮುಗಿದ ಮೇಲೆ ಬಟಾಲಿಯನ್ ತಂಡ ನಾರ್ತ್ ಬೇಗೆ ಹೋಗುತ್ತದೆ. ಇದನ್ನು ಮಗನಿಗೆ ಇನ್ನೂ ಹೇಳಿಲ್ಲ.

ವಿನಿಪೆಗ್_ಚಳಿ | 12 ನವೆಂಬರ್

ಹೇಳಿಬಿಡಿ ಸಾರ್. ಗೊತ್ತಿದ್ದರೆ ಉಳಿದ ಪಂದ್ಯಗಳಿಗಾದರೂ ಪೂರ್ತಿ ಮನಸ್ಸಿಟ್ಟು ಹೋಗುತ್ತಾನೆ. ನಮ್ಮ ಮಾವನವರಿಗೆ ಆ ಅವಕಾಶ ಇತ್ತು, ಕೊನೆಯ ಸೀಸನ್‌ನ ಒಂದು ಪಂದ್ಯವನ್ನೂ ಬಿಡಲಿಲ್ಲವಂತೆ.

ಸುಮ್ನೆ_ಓದುವವ | 29 ನವೆಂಬರ್

ಟೊರಾಂಟೊ ತಂಡದ ಬೆಲೆ 100 ಕೋಟಿ ಡಾಲರ್ ಅಂತ ಫೋರ್ಬ್ಸ್ ಹೇಳಿದೆಯಲ್ಲ! ಹಾಕಿಯಲ್ಲಿ ಅಷ್ಟು ಬೆಲೆ ಮುಟ್ಟಿದ ಮೊದಲ ತಂಡವಂತೆ. ಲಾಕ್‌ಔಟ್ ನಡುವೆ.

ಪೀಣ್ಯ_ಎರಡನೇ_ಹಂತ | 29 ನವೆಂಬರ್

1967ರ ನಂತರ ಕಪ್ ಗೆದ್ದಿಲ್ಲ. ಆದರೂ 100 ಕೋಟಿ. ಈ ಬೆಲೆ ಯಾರಿಂದ ಬಂತು? ಸೋತರೂ ಬಿಡದೆ ಬರುವ ಜನರಿಂದ. ಇಂಥ ತಂಡಗಳು ಬಡ ತಂಡಗಳಿಗೆ ಸ್ವಲ್ಪ ಜಾಸ್ತಿ ಹಂಚಿದ್ದರೆ ಈ ಜಗಳವೇ ಬೇಕಿರಲಿಲ್ಲ.

ನೀಲಿ_ಎಲೆ | 29 ನವೆಂಬರ್

ನಾನು ಲೀಫ್ಸ್ ಅಭಿಮಾನಿ. ಆದರೂ ಈ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಡೆಟ್ರಾಯಿಟ್_ರಾಯ | 7 ಡಿಸೆಂಬರ್

ನಿನ್ನೆ ನ್ಯೂಯಾರ್ಕ್‌ನಲ್ಲಿ ಮಾತುಕತೆ ಮತ್ತೆ ಮುರಿಯಿತು. ಎರಡು ದಿನ ಎಷ್ಟು ಆಸೆ ಇತ್ತು. ಪಿಟ್ಸ್‌ಬರ್ಗ್ ತಂಡದ ಆಟಗಾರ ಕ್ರಾಸ್ಬಿಯೂ ಕೂತಿದ್ದರು, ಆ ತಂಡದ ಮಾಲೀಕರೂ ಇದ್ದರು. ಫೆಹರ್ ಹೊರಗೆ ಬಂದು ಬಹಳ ಹತ್ತಿರ ಬಂದಿದ್ದೇವೆ ಅಂದರು. ಅದಾದ ಸ್ವಲ್ಪ ಹೊತ್ತಿಗೇ ಲೀಗ್ ಎಲ್ಲ ವಾಪಸ್ ತೆಗೆದುಕೊಂಡಿದ್ದೇವೆ ಅಂತ ಫೋನ್ ಮಾಡಿತು. ಬೆಟ್ಮನ್ ಸಿಟ್ಟಿನಿಂದ ನಡುಗುತ್ತಿದ್ದರು. ಐದು ವರ್ಷದ ಕಾಂಟ್ರಾಕ್ಟ್ ಮಿತಿಯನ್ನು ಜೀವ ಹೋದರೂ ಬಿಡುವುದಿಲ್ಲ ಅನ್ನುವ ಧಾಟಿಯಲ್ಲಿ ಲೀಗಿನ ಉಪಮುಖ್ಯಸ್ಥ ಬಿಲ್ ಡೇಲಿ ಮಾತಾಡಿದ್ದಾರೆ.

ಸುಮ್ನೆ_ಓದುವವ | 7 ಡಿಸೆಂಬರ್

ಶನಿವಾರ ರಾತ್ರಿ ಟಿವಿಯಲ್ಲಿ ಹಳೆಯ ಪಂದ್ಯ ಹಾಕುತ್ತಿದ್ದಾರೆ. ನಮ್ಮ ಮನೆ ಮಾಲೀಕರು ಪಂಜಾಬಿ ಅಜ್ಜ. ಅವರಿಗೆ ಪಂಜಾಬಿ ಕಾಮೆಂಟರಿ ಇಲ್ಲದೆ ಏನೋ ಕಳೆದುಹೋದ ಹಾಗೆ ಆಗಿದೆ. ಕಾಮೆಂಟರಿ ಹೇಳುವ ಹರ್ನಾರಾಯಣ್ ಸಿಂಗ್ ಗೋಲ್ ಅಂತ ಕೂಗುವುದನ್ನು ಅವರು ಮಾಡಿ ತೋರಿಸುತ್ತಾರೆ. ಭಾಷೆ ಬಾರದ ನನಗೂ ಅದು ಇಷ್ಟ. ಕನ್ನಡದಲ್ಲಿ ಒಮ್ಮೆ ಕೇಳಬೇಕು ಅನ್ನಿಸುತ್ತದೆ.

ಎಡ್ಮಂಟನ್_ಅಕ್ಕ | 7 ಡಿಸೆಂಬರ್

ಇಲ್ಲಿ ನಮ್ಮ ಮನೆಯಲ್ಲಿ ನಡೆಯುತ್ತದೆ! ನಮ್ಮ ಯಜಮಾನರು ಮ್ಯೂಟ್ ಮಾಡಿ ಆಕಾಶವಾಣಿ ಕ್ರಿಕೆಟ್ ವೀಕ್ಷಕ ವಿವರಣೆಯ ಧಾಟಿಯಲ್ಲಿ ಹೇಳುತ್ತಾರೆ. ಪಕ್‌ಗೆ ಬಿಲ್ಲೆ ಅನ್ನುತ್ತಾರೆ. "ಬಿಲ್ಲೆ ಬಲಗಡೆಗೆ, ಅಲ್ಲಿಂದ ಹಿಂದಕ್ಕೆ, ಹೊಡೆತ, ಗೋಲ್‌ಕೀಪರ್ ತಡೆದರು!" ಅಂತ. ಮಕ್ಕಳು ಉರುಳಾಡಿ ನಗುತ್ತಾರೆ.

ಕೊಡಗಿನ_ಹಾಕಿ | 18 ಡಿಸೆಂಬರ್

ತಡವಾಗಿ ಓದುತ್ತಿದ್ದೇನೆ, ಎಲ್ಲವನ್ನೂ ಓದಿದೆ. ನಮಗೆ ಹಾಕಿ ಅಂದರೆ ಹುಲ್ಲಿನ ಮೇಲಿನ ಹಾಕಿ. ಕೊಡಗಿನಲ್ಲಿ ಮನೆ ಮನೆಯ ತಂಡಗಳು ಆಡುವ ಹಬ್ಬ ಇದೆ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಮೊದಲ ವರ್ಷ 60 ತಂಡ. ಈಗ ಇನ್ನೂರರ ಮೇಲೆ. ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ. ಸಂಬಳ ಯಾರಿಗೂ ಇಲ್ಲ.

ನಿಮ್ಮ ಲೆಕ್ಕ ನೋಡಿ ಒಂದು ವಿಷಯ ಹೇಳಬೇಕು ಅನ್ನಿಸಿತು. ಮೊನ್ನೆ 16ರಂದು ದೆಹಲಿಯಲ್ಲಿ ಹಾಕಿ ಇಂಡಿಯಾ ಲೀಗಿನ ಹರಾಜು ನಡೆಯಿತು. ನಮ್ಮ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76 ಸಾವಿರ ಡಾಲರ್‌ಗೆ ಕೊಂಡಿತು. ಸರ್ದಾರ್ ಸಿಂಗ್ 78 ಸಾವಿರಕ್ಕೆ ದೆಹಲಿಗೆ. ಊರಿನಲ್ಲಿ ಪಟಾಕಿ ಹೊಡೆದೆವು! ಲಂಡನ್ ಒಲಿಂಪಿಕ್ಸ್‌ನಲ್ಲಿ ಹನ್ನೆರಡಕ್ಕೆ ಹನ್ನೆರಡನೆಯವರಾಗಿ ಬಂದ ಮೇಲೆ ನಮಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ. ಎನ್‌ಎಚ್‌ಎಲ್‌ನಲ್ಲಿ ಅತಿ ಕಡಿಮೆ ಸಂಬಳ ಎಷ್ಟು?

ಲೆಕ್ಕಿಗ_ಮೈಸೂರು | 18 ಡಿಸೆಂಬರ್

ಕಳೆದ ಸೀಸನ್‌ನಲ್ಲಿ 5 ಲಕ್ಷ 25 ಸಾವಿರ ಡಾಲರ್. ರಘುನಾಥ್ ಅವರ ಮೊತ್ತದ ಸುಮಾರು ಏಳು ಪಟ್ಟು.

ಕೊಡಗಿನ_ಹಾಕಿ | 18 ಡಿಸೆಂಬರ್

ಹೊಟ್ಟೆಕಿಚ್ಚಿನಿಂದ ಕೇಳಲಿಲ್ಲ. ಆ ಆಟಗಾರರಿಗೆ ಅಷ್ಟು ಸಿಗುವುದು ಸಂಘ ಗಟ್ಟಿ ಇರುವುದರಿಂದ. ನಮ್ಮಲ್ಲಿ ಎರಡು ಹಾಕಿ ಸಂಸ್ಥೆಗಳು ನಮ್ಮದೇ ಅಧಿಕಾರ ಅಂತ ವರ್ಷಗಟ್ಟಲೆ ಜಗಳ ಆಡಿದವು. ಆಟಗಾರರಿಗೆ ಏನು ಬೇಕು ಅಂತ ಯಾರು ಕೇಳಿದರು? ಅವರು ಅಲ್ಲಿ ಮಾಲೀಕರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನನಗೆ ಅದು ದೊಡ್ಡದು ಅನ್ನಿಸಿತು. ಈ ಲೀಗಿನಲ್ಲಿ ಬೆಂಗಳೂರಿನ ತಂಡ ಇಲ್ಲದ್ದೂ ಬೇಜಾರು.

ವಿನಿಪೆಗ್_ಚಳಿ | 18 ಡಿಸೆಂಬರ್

ನೀವು ಹೇಳಿದ ಮೇಲೆ ನಾನೂ ಯೋಚನೆ ಮಾಡಿದೆ. ಎದುರು ಕೂರುವ ಹಕ್ಕು ಬೇಕು, ನಿಜ. ಆದರೆ ಇಬ್ಬರೂ ಎದ್ದು ಹೋಗುವುದೇ ಜಾಸ್ತಿ ಆಗಿದೆ.

ನೀಲಿ_ಎಲೆ | 6 ಜನವರಿ 2013

ಮುಗಿಯಿತು!!! ಬೆಳಗಿನ ಜಾವ ನ್ಯೂಯಾರ್ಕ್‌ನಲ್ಲಿ ಒಪ್ಪಂದ ಆಯಿತು. ಹದಿನಾರು ಗಂಟೆ ಕೂತಿದ್ದರಂತೆ. ಫೆಡರಲ್ ಮಧ್ಯಸ್ಥಗಾರ ಸ್ಕಾಟ್ ಬೆಕೆನ್‌ಬಾ ಎರಡೂ ಕಡೆ ಓಡಾಡಿ ಸೇರಿಸಿದರು.

ಲೆಕ್ಕಿಗ_ಮೈಸೂರು | 6 ಜನವರಿ

ಹತ್ತು ವರ್ಷದ ಒಪ್ಪಂದ. ಪಾಲು 50-50. ಆಗಲೇ ಸಹಿ ಆದ ಕಾಂಟ್ರಾಕ್ಟ್‌ಗಳ ನಷ್ಟ ತುಂಬಲು ಆಟಗಾರರಿಗೆ 30 ಕೋಟಿ ಡಾಲರ್. ಕಾಂಟ್ರಾಕ್ಟ್ ಗರಿಷ್ಠ ಏಳು ವರ್ಷ, ತನ್ನದೇ ತಂಡ ಉಳಿಸಿಕೊಂಡರೆ ಎಂಟು. ವರ್ಷದಿಂದ ವರ್ಷಕ್ಕೆ ಸಂಬಳ ಇಷ್ಟಕ್ಕಿಂತ ಜಾಸ್ತಿ ಏರಿಳಿಯುವ ಹಾಗಿಲ್ಲ, ಹಾಗಾಗಿ ಆ 13 ವರ್ಷದ ಕಾಂಟ್ರಾಕ್ಟ್‌ಗಳ ಕಾಲ ಮುಗಿಯಿತು. 2013-14ರ ಕ್ಯಾಪ್ 6 ಕೋಟಿ 43 ಲಕ್ಷ, ಅಂದರೆ ಎರಡು ವರ್ಷದ ಹಿಂದಿನ ಮೊತ್ತವೇ.

ಲೀಗ್ ಶೇ. 43ರಿಂದ 50ಕ್ಕೆ ಬಂತು. ಸಂಘ 57ರಿಂದ 50ಕ್ಕೆ ಬಂತು. ಅಕ್ಟೋಬರ್‌ನಲ್ಲೇ 50 ಮೇಜಿನ ಮೇಲಿತ್ತು. 510 ಪಂದ್ಯ ಹೋದ ಮೇಲೆ ಅಲ್ಲಿಗೇ ಬಂದರು. ಕಾಂಟ್ರಾಕ್ಟ್ ಮಿತಿ, ಆ 30 ಕೋಟಿ, ಇವೆರಡರಲ್ಲಿ ಆಟಗಾರರಿಗೆ ಸ್ವಲ್ಪ ಉಳಿಯಿತು ಅನ್ನಬಹುದು. ನನಗೆ ಈ ಲೆಕ್ಕ ಕೂಡುವಾಗ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು.

ಪೀಣ್ಯ_ಎರಡನೇ_ಹಂತ | 6 ಜನವರಿ

ಕೊನೆಗೂ ಕಡಿಮೆ ಸಂಬಳಕ್ಕೆ ಒಪ್ಪಿ ಒಳಗೆ ಹೋದರು.

ವಿನಿಪೆಗ್_ಚಳಿ | 6 ಜನವರಿ

50-50 ಅನ್ಯಾಯ ಅಲ್ಲ ತಮ್ಮಾ. ನನ್ನ ಊರಿಗೆ ತಂಡ ಉಳಿಯುತ್ತದೆ. ನಾನು ಟಿಕೆಟ್ ಕೊಳ್ಳುತ್ತೇನೆ, ಮುಚ್ಚಿಡುವುದಿಲ್ಲ. ಹದಿನೈದು ವರ್ಷ ಇಲ್ಲದೇ ಇದ್ದವರಿಗೆ ದೂರ ಇರಲು ಆಗುವುದಿಲ್ಲ.

ಡೆಟ್ರಾಯಿಟ್_ರಾಯ | 7 ಜನವರಿ

ನಾನು ಈ ವರ್ಷ ಟಿಕೆಟ್ ಕೊಳ್ಳುವುದಿಲ್ಲ, ಜೆರ್ಸಿಯೂ ಇಲ್ಲ. ಟಿವಿಯಲ್ಲಿ ನೋಡುತ್ತೇನೆ. ಕನ್ನಡ ಕೂಟದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಯಿತು, ಏಳು ಮನೆಯಲ್ಲಿ ಮೂರು ಒಂದು ಕಡೆ, ನಾಲ್ಕು ಒಂದು ಕಡೆ. ಬ್ರಾಂಪ್ಟನ್ ಅಪ್ಪ, ನೀವು ಏನು ಮಾಡುತ್ತೀರಿ? ಕೇಳಿದ್ದು ನೀವೇ.

ಬ್ರಾಂಪ್ಟನ್_ಅಪ್ಪ | 20 ಜನವರಿ

ನಿನ್ನೆ ನೋಡಿದೆವು. ಮಾಂಟ್ರಿಯಲ್‌ನಲ್ಲಿ ಮೊದಲ ಪಂದ್ಯ, ಲೀಫ್ಸ್ 2-1ರಿಂದ ಗೆದ್ದರು. ನೋಡಬಾರದು ಅಂತ ಸಂಜೆವರೆಗೂ ಅಂದುಕೊಂಡಿದ್ದೆ. ಏಳು ಗಂಟೆಗೆ ಮಗ ನೀಲಿ ಜೆರ್ಸಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ. ಅವನಿಗೆ ಪಾಲು, ಕ್ಯಾಪ್ ಎಲ್ಲ ಹೇಳಿದ್ದೇನೆ, ಇಲ್ಲಿ ನೀವು ಬರೆದಿದ್ದನ್ನೆಲ್ಲ ಹೇಳಿದ್ದೇನೆ. ಎಡ್ಮಂಟನ್ ಅಕ್ಕನ ಪಕ್ಕದ ಮನೆಯವರ ಬಗ್ಗೆ ಎರಡು ಸಲ ಕೇಳಿದ.

ಆಫೀಸಿನವರು ಮಾರ್ಚ್‌ನ ಒಂದು ಪಂದ್ಯಕ್ಕೆ ಟಿಕೆಟ್ ಕೊಡುತ್ತೇನೆ ಅಂದರು. ಈ ವರ್ಷ ಬೇಡ ಅಂದೆ. ಆ ದುಡ್ಡಿನಲ್ಲಿ ಬಟಾಲಿಯನ್‌ನ ಉಳಿದ ಪಂದ್ಯಗಳಿಗೆ ಟಿಕೆಟ್ ತೆಗೆದುಕೊಂಡೆ. ತಂಡ ಹೋಗುತ್ತದೆ ಅಂತ ಮಗನಿಗೆ ಹೇಳಿದ್ದೇನೆ. ನಾರ್ತ್ ಬೇ ಎಷ್ಟು ದೂರ ಅಂತ ಕೇಳಿದ. ಮೂರೂವರೆ ಗಂಟೆ ಅಂದೆ.

ಎಡ್ಮಂಟನ್_ಅಕ್ಕ | 20 ಜನವರಿ

ಮಂಗಳವಾರ ಇಲ್ಲಿ ಮೊದಲ ಪಂದ್ಯ. ಪಕ್ಕದ ಮನೆಯವರಿಗೆ ಮೊನ್ನೆ ಫೋನ್ ಬಂತು. ನಾಲ್ಕು ಗಂಟೆಗೇ ಬರಲು ಹೇಳಿದ್ದಾರಂತೆ. ಮಗನಿಗೆ ತಿಳಿಸಿ.